ಕಟ್ಟಡದ ನೆಲದ ಮಣ್ಣೂ ನದಿಯ ಕಾವಲೂ

ಅಮೆರಿಕಾ ದೇಶದ ಉತ್ತರ ಕೆರೊಲೈನಾ ಸಂಸ್ಥಾನದಲ್ಲಿ, ಅಗೆದ ನೆಲದ ಮಣ್ಣು ನದಿಗೆ ಸೇರದಂತೆ ತಡೆಯುವುದಕ್ಕಾಗಿ 1973ನೆಯ ಇಸವಿಯಲ್ಲಿಯೇ ಕಾಯಿದೆಯಾಯಿತು. ಮನೆ, ರಸ್ತೆ ಮುಂತಾದುವುಗಳಿಗಾಗಿ ಅಗೆದು ಬರಿದಾಗಿ ಬಿಟ್ಟ ನೆಲದಿಂದ, ಸಾಗುವಳಿ ಭೂಮಿಗಿಂತ 10ರಿಂದ 20 ಮಡಿ ಹೆಚ್ಚು ಮಣ್ಣು ಕೊಚ್ಚಿಹೋಗುವುದೆಂದು ಆ ದೇಶದ ಪರಿಸರ ಸಂರಕ್ಷಣಾ ಇಲಾಖೆಯವರ ಅಂದಾಜು. ಈ ರೇವೆಯು ಮೀನಿನ ಮೊಟ್ಟೆಗಳನ್ನು ಮುಚ್ಚಿ ಕೊಲ್ಲುವುದಲ್ಲದೆ ಜಲಾಶಯಗಳನ್ನೂ ತುಂಬುತ್ತದೆ.

ತನಿಖೆದಾರರು ಪ್ರತಿ ಮಳೆಗೂ ಎಲ್ಲ ಕೆಲಸಗಳನ್ನೂ ನೋಡಲಾರರಷ್ಟೆ. ಆದುದರಿಂದ ಅಲ್ಲಿಯ ನದೀಸಂರಕ್ಷಕ ಸಂಘಗಳವರು ಸ್ವಯಂಸೇವಕರಿಗೆ ಶಿಕ್ಷಣ ಕೊಟ್ಟಿರುವರು. ಇವರು ಪರರ ನೆಲವನ್ನು ಹೊಗದೆ, ರಸ್ತೆಯಿಂದಲೇ ನೋಡಿ, ಸ್ಥಳ ತಾರೀಖುಗಳೊಡನೆ ಛಾಯಾಚಿತ್ರ ತೆಗೆದು ಅಧಿಕಾರಿಗಳಿಗೆ ತಿಳಿಸುತ್ತಾರೆ.

ಮುಖ್ಯವಾಗಿ ನೋಡತಕ್ಕದ್ದು ತಗ್ಗಿನ ಅಂಚಿನಲ್ಲಿ ಕಟ್ಟಿದ ಬಟ್ಟೆಯ ಬೇಲಿಯನ್ನು. ಇದು ನೀರನ್ನು ಸೋಸುವುದೆಂದು ಅನೇಕರ ತಿಳಿವಳಿಕೆ, ಅದು ಸರಿಯಲ್ಲ. ನೀರನ್ನು ನಿಲ್ಲಿಸಿ, ಮಣ್ಣು ತಳಕ್ಕಿಳಿಯಲು ಅವಕಾಶ ಕೊಡುವುದೇ ಇದರ ಕೆಲಸ. ಬಟ್ಟೆಯ ಬುಡವನ್ನು ಗುಂಡಿ ತೋಡಿ ಹುಗಿಯದಿದ್ದರೆ ನೀರು ಕೆಳಗಿನಿಂದ ನುಸುಳುವುದು. ಹೂಳು ಬೇಲಿಯ ಅರ್ಧದ ಮಟ್ಟಕ್ಕೆ ಬರುವುದರೊಳಗೆ ತೆಗೆಯದಿದ್ದರೆ ಬೇಲಿಯೇ ಮಗುಚುವುದು. ಹರಿಯುವ ಹಳ್ಳಕ್ಕೆ ಅಡ್ಡಲಾಗಿ ಕಟ್ಟುವುದಂತೂ ದಂಡ. ಜೇಡಿಯ ನಯವಾದ ಕಣಗಳು ಹೇಗೂ ದಾಟಿಹೋಗುವುದರಿಂದ, ಬರಿನೆಲಕ್ಕೆ ಒಣಹುಲ್ಲು ಹರಡಿ, ಹುಲ್ಲಿನ ಬೀಜ ಚೆಲ್ಲುವುದೇ ಮೇಲಾದ ಉಪಾಯ.

ಕೆರೆಯ ಮೇಲ್ಗಡೆ ನಿವೇಶನಗಳಾಗುತ್ತಿರುವ ಗ್ರಾಮಗಳ ಮುಖಂಡರೂ ಜಮೀನುದಾರರೂ ಮೊದಲ ದೊಡ್ಡ ಮಳೆಯಾದ ಕೂಡಲೆ ಕೆರೆಗೆ ಬೀಳುವ ಹಳ್ಳದ ನೀರನ್ನು ನೋಡತಕ್ಕದ್ದು. ಕದಡಿದ್ದರೆ ಹಳ್ಳದ ಜಾಡಿನಲ್ಲಿಯೇ ಮೇಲಕ್ಕೆ ನಡೆದು, ಮಣ್ಣು ಎಲ್ಲಿಂದ ಇಳಿಯುತ್ತಿದೆಯೆಂಬುದನ್ನು ಗೊತ್ತುಮಾಡಬಹುದು.