ಬಡ್ಡಿಗೆ ಹಂಗಾಮು ಇಲ್ಲ

ನನ್ನ ಭಾವಮೈದನ ಅಡಿಕೆ ಸುಲಿಯುವ ಯಂತ್ರಕ್ಕೆ ನಾನು ಹಾಕಿದ್ದು ಎರಡು ಲಕ್ಷ ರೂಪಾಯಿ. ಅವನು ಕೇಳಿದ್ದು ಆರು ಲಕ್ಷ. ಉಳಿದ ನಾಲ್ಕಕ್ಕೆ ಅವನ ಅಕ್ಕನ, ಅಂದರೆ ನನ್ನ ಹೆಂಡತಿಯ, ಚಿನ್ನ ಅಡವಿಡಬಹುದು ಎಂಬುದು ಅವನ ಲೆಕ್ಕ. ಅಕ್ಕ ಒಪ್ಪಿಯೂ ಬಿಟ್ಟಿದ್ದಳು. ಬೇಡ ಎಂದವನು ನಾನು. ಬ್ಯಾಂಕಿನಲ್ಲಿ ಸಣ್ಣ ಕೈಗಾರಿಕೆಗಳ ಸಾಲದ ಕಡತ ನೋಡುತ್ತಲೇ ನೌಕರಿ ಮುಗಿಸಿದವನು. ಯಂತ್ರದ ಬಗ್ಗೆ ನನಗೆ ಅನುಮಾನವಿರಲಿಲ್ಲ, ಅನುಮಾನವಿದ್ದದ್ದು ಕ್ಯಾಲೆಂಡರಿನ ಬಗ್ಗೆ.

ಯಂತ್ರ ನಿಜಕ್ಕೂ ಚೆನ್ನಾಗಿತ್ತು. ಸಾಗರದ ಕಡೆ ಕೆಂಪಡಿಕೆ ಮಾಡುವವರಿಗೆ ಕೊಯ್ದ ಕಾಯನ್ನು ಒಂದೆರಡು ದಿನದಲ್ಲಿ ಸುಲಿದು ಬೇಯಿಸಲೇಬೇಕು. ಮೆಟ್ಟುಗತ್ತಿಯ ಮುಂದೆ ಕೂತು ನಡುರಾತ್ರಿಯವರೆಗೆ ಸುಲಿಯುವವರು ಈಗ ಸಿಗುವುದಿಲ್ಲ. ಸುಲಿಯುವ ಯಂತ್ರಗಳು ಮೊದಲೂ ಇದ್ದವು. ಭಾವಮೈದ ಡಿಪ್ಲೊಮಾ ಓದಿದವನು, ಸ್ವಂತ ಲೇತ್ ಮತ್ತು ವೆಲ್ಡಿಂಗ್ ಶೆಡ್ ಇಟ್ಟುಕೊಂಡವನು. ಕಾಯಿಯ ಗಾತ್ರಕ್ಕೆ ತಕ್ಕಂತೆ ಬ್ಲೇಡಿನ ಅಂತರ ತಾನೇ ಸರಿಹೊಂದಿಸಿಕೊಳ್ಳುವ ಒಂದು ಸ್ಪ್ರಿಂಗಿನ ವ್ಯವಸ್ಥೆ ಅವನ ಕೈಚಳಕ. ಮನೆಯಂಗಳದಲ್ಲಿ ಓಡಿಸಿ ತೋರಿಸಿದಾಗ ಊರವರೆಲ್ಲ ಭೇಷ್ ಎಂದರು. ಆದರೆ ಭೇಷ್ ಎಂದವರಲ್ಲಿ ಒಬ್ಬರೂ ಮುಂಗಡ ಕೊಡಲಿಲ್ಲ ಅನ್ನುವುದನ್ನು ನಾನು ಗಮನಿಸಿದ್ದೆ.

ಕ್ಯಾಲೆಂಡರಿನ ಮಾತಿಗೆ ಬರುತ್ತೇನೆ. ಅಡಿಕೆ ಕೊಯ್ಲು ನಡೆಯುವುದು ಹೆಚ್ಚೆಂದರೆ ನಾಲ್ಕು ತಿಂಗಳು. ಯಂತ್ರ ಮಾರಾಟವಾಗುವುದೂ, ಅದರ ದೋಷ ಹೊರಬೀಳುವುದೂ, ರಿಪೇರಿಯ ಫೋನು ಬರುವುದೂ ಆಗಲೇ. ಬೇಸಿಗೆಯಲ್ಲಿ ಬ್ಲೇಡು ತಿದ್ದಿದರೆ ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಹಸಿ ಕಾಯಿಯೇ ಇರುವುದಿಲ್ಲ, ಮುಂದಿನ ಕೊಯ್ಲಿಗೆ ಕಾಯಬೇಕು. ಹೀಗೆ ಒಂದು ಸಣ್ಣ ತಿದ್ದುಪಡಿಗೆ ಒಂದು ವರ್ಷ. ಬಡ್ಡಿ ಮಾತ್ರ ಮಳೆಗಾಲದಲ್ಲೂ ತಪ್ಪದೆ ಬೆಳೆಯುತ್ತದೆ. ಆರು ಲಕ್ಷವೂ ಸಾಲವಾಗಿದ್ದರೆ, ಶೇಕಡಾ 12ರಂತೆ, ತಿಂಗಳಿಗೆ 6,000, ವರ್ಷಕ್ಕೆ 72,000. ಅವನ ಅಂದಾಜಿನಂತೆ ಒಂದು ಯಂತ್ರಕ್ಕೆ ಖರ್ಚು 56,000, ಮಾರುವ ಬೆಲೆ 65,000, ಉಳಿಯುವುದು ಒಂಬತ್ತು ಸಾವಿರ. ಅಂದರೆ ಮೊದಲ ಎಂಟು ಗಿರಾಕಿಗಳು ಬಡ್ಡಿಗೇ ಮೀಸಲು. ಹೆಸರಿಲ್ಲದ ಹೊಸ ಯಂತ್ರಕ್ಕೆ ಒಂದೇ ಹಂಗಾಮಿನಲ್ಲಿ ಎಂಟು ಗಿರಾಕಿಗಳು ಸಿಗುವುದು ಅದೃಷ್ಟದ ಮಾತು. ಮತ್ತೆ ಆ ಒಂಬತ್ತು ಸಾವಿರವೂ ಪೂರ್ತಿ ಲಾಭವಲ್ಲ. ಹೊಸನಗರದ ತೋಟವೊಂದರಲ್ಲಿ ಬೆಲ್ಟ್ ಕಳಚಿತೆಂದು ಇವನು ಹೋಗಿ ಬಂದರೆ ಡೀಸೆಲ್ಲು, ಒಂದು ದಿನದ ಕೆಲಸ, ಬದಲಿ ಭಾಗ ಎಲ್ಲ ಸೇರಿ ಒಂದೂವರೆ ಸಾವಿರ ಹೋಗುತ್ತದೆ.

ಹಾಗಾಗಿ ನನ್ನ ಎರಡು ಲಕ್ಷವನ್ನು ಸಾಲವಾಗಿ ಕೊಡಲಿಲ್ಲ, ಪಾಲಾಗಿ ಕೊಟ್ಟೆ. ಬಂದರೆ ಲಾಭದಲ್ಲಿ ಇಂತಿಷ್ಟು ಪಾಲು, ಮುಳುಗಿದರೆ ನನ್ನ ಹಣವೂ ಮುಳುಗಿತು ಎಂದು ಛಾಪಾ ಕಾಗದದ ಮೇಲೆ ಬರೆದುಕೊಂಡೆವು. "ಮನೆಯವರ ನಡುವೆ ಇದೆಲ್ಲ ಯಾಕೆ ಭಾವ?" ಎಂದು ಅವನು ಮುಖ ಸಣ್ಣ ಮಾಡಿದ. ಮನೆಯವರ ನಡುವೆ ಇರುವುದರಿಂದಲೇ ಬೇಕು ಮಾರಾಯ ಎಂದೆ. ಹಬ್ಬಕ್ಕೆ ಬಂದಾಗ ಕೂತು ಉಣ್ಣುವ ಮನೆ ಅದು.

ಇಷ್ಟು ಹುಷಾರಿ ನನಗೆ ಹುಟ್ಟಿನಿಂದ ಬಂದದ್ದಲ್ಲ. 2004ರಲ್ಲಿ ಸಹೋದ್ಯೋಗಿಯೊಬ್ಬರು ಸಿಂಪ್ಯೂಟರ್ ಎಂಬ ಪುಟ್ಟ ಕಂಪ್ಯೂಟರ್ ತಂದು ನನ್ನ ಕೈಗಿತ್ತಿದ್ದರು. ಅಂಗೈಗಿಂತ ತುಸು ದೊಡ್ಡದು, ಮುಟ್ಟಿದರೆ ಸ್ಪಂದಿಸುವ ತೆರೆ, ಸಾಧನವನ್ನು ವಾಲಿಸಿದರೆ ಪುಟ ತಿರುಗುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮತ್ತು ಅವರ ಸಂಗಡಿಗರೂ ಎನ್ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರೂ ಸೇರಿ ಕಟ್ಟಿದ ಕನಸು ಅದು. ಓದು ಬರಹ ಬಾರದವರಿಗೂ ಅವರ ಭಾಷೆಯಲ್ಲಿ ಓದಿ ಹೇಳಬೇಕು. ಒಂದು ಊರಿಗೆ ಒಂದೇ ಸಾಧನವಾದರೂ ಸಾಕು, ಮನೆಗೊಂದು ಸ್ಮಾರ್ಟ್ ಕಾರ್ಡ್ ಇದ್ದು ಸರದಿಯಂತೆ ಬಳಸಬೇಕು. ಬೆಲೆ ಸುಮಾರು 9,000 ರೂಪಾಯಿ ಇರಬೇಕು ಎಂಬುದು ಯೋಜನೆ. 1998ರಲ್ಲಿ ಮೊಳೆತ ಆಲೋಚನೆ 2001ರಲ್ಲಿ ಮಾದರಿಯಾಗಿ ಕಣ್ಣಿಗೆ ಬಿತ್ತು, ಜಗತ್ತಿನ ಪತ್ರಿಕೆಗಳಲ್ಲಿ ಹೊಗಳಿಕೆಯೂ ಬಂತು. ಅಂಗಡಿಗೆ ಬಂದದ್ದು 2004ರಲ್ಲಿ, ಬಿಇಎಲ್ ತಯಾರಿಸಿದ ಅಮಿದಾ ಸಿಂಪ್ಯೂಟರ್ ಆಗಿ. ಅಷ್ಟರಲ್ಲಿ ಅತಿ ಅಗ್ಗದ್ದರ ಬೆಲೆಯೇ ಹತ್ತು ಸಾವಿರದ ಹತ್ತಿರ, ಬಣ್ಣದ ತೆರೆಯದ್ದು ಇಪ್ಪತ್ತು ಸಾವಿರದ ಹತ್ತಿರ. ಕೊನೆಗೆ ಮಾರಾಟವಾದದ್ದು ಕೆಲವು ಸಾವಿರ ಮಾತ್ರ.

ಸೋತದ್ದು ಏಕೆಂದು ಎಲ್ಲರೂ ಒಂದೊಂದು ಕಾರಣ ಹೇಳುತ್ತಾರೆ. ಸಾಲದ ಕಡತ ನೋಡುವವನ ಕಣ್ಣಿಗೆ ಕಂಡದ್ದು ಹೀಗೆ: ಲಕ್ಷಗಟ್ಟಲೆ ತಯಾರಿಸಿದರೆ ಬೆಲೆ ಇಳಿಯುತ್ತದೆ, ಬೆಲೆ ಇಳಿದರೆ ಲಕ್ಷಗಟ್ಟಲೆ ಖರ್ಚಾಗುತ್ತದೆ. ಎರಡರಲ್ಲಿ ಮೊದಲು ಆಗಬೇಕಾದದ್ದನ್ನು ಯಾರ ದುಡ್ಡಿನಲ್ಲಿ ಮಾಡುವುದು? ದೊಡ್ಡ ಸರ್ಕಾರಿ ಆರ್ಡರ್ ಬಂದಿದ್ದರೆ ಆ ಗಂಟು ಬಿಚ್ಚುತ್ತಿತ್ತು. ಸರ್ಕಾರ ಪ್ರಯೋಗಕ್ಕೆಂದು ಒಂದಿಷ್ಟು ಕೊಳ್ಳುತ್ತದೆ, ಶಹಬ್ಬಾಸ್ ಎನ್ನುತ್ತದೆ, ಕಡತ ಮುಂದಿನ ಮೇಜಿಗೆ ಹೋಗುತ್ತದೆ. ಈ ನಡುವೆ 2003ರಲ್ಲಿ ರಿಲಯನ್ಸ್ 501 ರೂಪಾಯಿ ಕಟ್ಟಿಸಿಕೊಂಡು ಮೊಬೈಲು ಕೈಗಿಡಲು ಶುರುಮಾಡಿತ್ತು. ಸಿಂಪ್ಯೂಟರಿಗಿಂತ ದಡ್ಡ ಸಾಧನ, ಆದರೆ ಪ್ರತಿಯೊಬ್ಬನ ಜೇಬಿಗೂ ಒಂದೊಂದು. ಸರದಿಯಲ್ಲಿ ನಿಂತು ಹಂಚಿಕೊಳ್ಳುವ ಜಾಣ ಯಂತ್ರ ಯಾರಿಗೆ ಬೇಕು?

ಇದಕ್ಕೆ ತದ್ವಿರುದ್ಧವಾಗಿ ಗೆದ್ದ ಕತೆಯೊಂದಿದೆ. ಗೆದ್ದದ್ದು ಹೇಗೆಂಬುದಕ್ಕಿಂತ ಎಷ್ಟು ವರ್ಷಕ್ಕೆ ಎಂಬುದು ನನಗೆ ಮುಖ್ಯ. ಚೆಸ್ಟರ್ ಕಾರ್ಲ್‌ಸನ್ ಎಂಬ ಅಮೆರಿಕದವನು ಪೇಟೆಂಟ್ ವಿಭಾಗದಲ್ಲಿ ಕೆಲಸ ಮಾಡುತ್ತ, ದಾಖಲೆಗಳ ಪ್ರತಿ ತೆಗೆಯುವ ಪೀಡೆ ತಾಳಲಾರದೆ, 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದ ಬಾಡಿಗೆ ಕೋಣೆಯಲ್ಲಿ ಸ್ಥಾಯೀ ವಿದ್ಯುತ್ತಿನಿಂದ ಮೊದಲ ಒಣ ಪ್ರತಿ ತೆಗೆದ. ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಅವನನ್ನು ಬಾಗಿಲಿನಿಂದಲೇ ಸಾಗಹಾಕಿದವು. 1944ರಲ್ಲಿ ಬ್ಯಾಟೆಲ್ ಎಂಬ ಸಂಶೋಧನಾ ಸಂಸ್ಥೆ, 1947ರಲ್ಲಿ ಫೋಟೋ ಕಾಗದ ತಯಾರಿಸುತ್ತಿದ್ದ ಹ್ಯಾಲಾಯ್ಡ್ ಎಂಬ ಸಣ್ಣ ಕಂಪನಿ ಕೈ ಹಿಡಿದವು. 914 ಎಂಬ ಯಂತ್ರ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಹ್ಯಾಲಾಯ್ಡ್ 1947ರಿಂದ 1960ರ ತನಕ ಸಂಶೋಧನೆಗೆ ಸುರಿದದ್ದು ಸುಮಾರು 7.5 ಕೋಟಿ ಡಾಲರ್, ಅಂದರೆ ತನ್ನ ವ್ಯಾಪಾರದಲ್ಲಿ ಗಳಿಸಿದ್ದರ ಸರಿಸುಮಾರು ಇಮ್ಮಡಿ. ಉಳಿದದ್ದನ್ನು ಸಾಲ ತಂದು, ಷೇರು ಮಾರಿ ಹೊಂದಿಸಿತು. ಕಾರ್ಲ್‌ಸನ್‌ನ ಮೂಲ ಪೇಟೆಂಟ್ ಸಿಕ್ಕಿದ್ದು 1942ರಲ್ಲಿ, ಆಗಿನ ಅವಧಿ 17 ವರ್ಷ. ಲೆಕ್ಕ ಹಾಕಿ ನೋಡಿ: ಯಂತ್ರ ಅಂಗಡಿಗೆ ಬರುವ ವರ್ಷವೇ ಆ ಪೇಟೆಂಟಿನ ಆಯುಸ್ಸು ಮುಗಿಯಿತು. ದಾರಿಯುದ್ದಕ್ಕೂ ತೆಗೆದುಕೊಂಡ ಬೇರೆ ಪೇಟೆಂಟುಗಳು ಇದ್ದದ್ದರಿಂದ ಬಚಾವಾದರು.

ಮುನ್ನೂರು ಕಿಲೋ ಹತ್ತಿರ ತೂಗುವ ದುಬಾರಿ ಯಂತ್ರವನ್ನು ಯಾವ ಕಚೇರಿಯೂ ಕೊಳ್ಳುವಂತಿರಲಿಲ್ಲ. ಹಾಗಾಗಿ ಬಾಡಿಗೆಗೆ ಕೊಟ್ಟರು. ತಿಂಗಳಿಗೆ ಇಷ್ಟು, ಮಿತಿ ಮೀರಿ ತೆಗೆದ ಪ್ರತಿಯೊಂದಕ್ಕೂ ಕೆಲವು ಸೆಂಟ್. ಕೆಟ್ಟರೆ ನಾವೇ ರಿಪೇರಿ ಮಾಡುತ್ತೇವೆ. ಕೊಳ್ಳುವವನಿಗಿದ್ದ ಹೆದರಿಕೆಯನ್ನೆಲ್ಲ ಕಂಪನಿ ತನ್ನ ತಲೆಗೆ ಹಾಕಿಕೊಂಡಿತು. ಹಣದ ಭಾರವೂ ಅದರ ಜೊತೆಗೇ ಬಂತು ಅನ್ನಿ. ಯಂತ್ರ ತಯಾರಿಸಿದ ಖರ್ಚು ಇವತ್ತು, ಬಾಡಿಗೆ ಬರುವುದು ತಿಂಗಳು ತಿಂಗಳು.

ಸಾಗರದಲ್ಲಿ ನಡೆದದ್ದೂ ಕೊನೆಗೆ ಇದೇ, ಪುಟ್ಟ ಪ್ರಮಾಣದಲ್ಲಿ. ಮೊದಲ ಹಂಗಾಮಿನಲ್ಲಿ ಗಿರಾಕಿಗಳು ಕೇಳಿದ ಮೊದಲ ಪ್ರಶ್ನೆ "ಸಬ್ಸಿಡಿ ಉಂಟಾ?" ಸಹಾಯಧನದ ಪಟ್ಟಿಗೆ ಸೇರಬೇಕಾದರೆ ಮಾನ್ಯತೆ ಪಡೆದ ಕೇಂದ್ರದಿಂದ ಪರೀಕ್ಷಾ ವರದಿ ಬೇಕು, ಅದಕ್ಕೆ ಶುಲ್ಕ, ಓಡಾಟ, ಕಾಯುವಿಕೆ. ಸಬ್ಸಿಡಿ ಬರುತ್ತದೆ ಎಂದು ಗೊತ್ತಾದ ರೈತ ಅಲ್ಲಿಯ ತನಕ ಕೊಳ್ಳುವುದನ್ನೇ ಮುಂದೂಡುತ್ತಾನೆ, ಅದು ಅವನ ಜಾಣತನ. ಪೇಟೆಯ ವ್ಯಾಪಾರಿಯೊಬ್ಬರು ನಾಲ್ಕು ಯಂತ್ರ ಉದ್ರಿಗೆ ಇಟ್ಟುಕೊಂಡರು, ಮಾರಿದ ಮೇಲೂ ದುಡ್ಡು ಕೊಡಲಿಲ್ಲ. ಕಾನೂನು ಬಲವಾಗಿಯೇ ಇದೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಉದ್ಯಮ್ ನೋಂದಣಿಯನ್ನು ಮಾಲು ಕಳಿಸುವ ಮೊದಲೇ ಮಾಡಿಸಿದ್ದರಿಂದ ಇವನಿಗೂ ಆ ಹಕ್ಕಿತ್ತು. ದೂರು ಕೊಟ್ಟರೆ ಹಣ ಬಂದೀತು, ಆ ಪೇಟೆಯಲ್ಲಿ ಇನ್ನೊಬ್ಬ ವ್ಯಾಪಾರಿ ಸಿಗಲಿಕ್ಕಿಲ್ಲ. ಭಾವಮೈದ ದೂರು ಕೊಡಲಿಲ್ಲ. ತಿಂಗಳುಗಟ್ಟಲೆ ಓಡಾಡಿ ಕಂತಿನಲ್ಲಿ ವಸೂಲಿ ಮಾಡಿದ. ಬಡ್ಡಿಯ ಸಾಲವಿದ್ದಿದ್ದರೆ ಆ ತಾಳ್ಮೆ ಅವನಿಗೆ ದಕ್ಕುತ್ತಿರಲಿಲ್ಲ.

ಆಮೇಲೆ ಮಾರುವುದನ್ನೇ ನಿಲ್ಲಿಸಿದ. ಯಂತ್ರವನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಕೊಯ್ಲಾದ ಮನೆಗಳಿಗೆ ಹೋಗಿ ಕಿಲೋ ಲೆಕ್ಕದಲ್ಲಿ ಸುಲಿದು ಕೊಡುತ್ತಾನೆ. ಕಾಯಿಗೆ ಗಾಯವಾದರೆ ಅವನ ಕಣ್ಣೆದುರೇ ಆಗುತ್ತದೆ, ಅಲ್ಲೇ ಸ್ಪ್ಯಾನರ್ ಹಿಡಿದು ಸರಿಮಾಡುತ್ತಾನೆ. ಒಂದು ವರ್ಷ ಹಿಡಿಯುತ್ತಿದ್ದ ತಿದ್ದುಪಡಿ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿದೆ. ನನ್ನ ಎರಡು ಲಕ್ಷದಲ್ಲಿ ಇಲ್ಲಿಯತನಕ ವಾಪಸು ಬಂದದ್ದು ಎಪ್ಪತ್ತು ಸಾವಿರ. ಅದೇ ದುಡ್ಡು ಬ್ಯಾಂಕಿನ ಠೇವಣಿಯಲ್ಲಿದ್ದರೆ ಅಸಲೂ ಇರುತ್ತಿತ್ತು, ಮೇಲೆ ಬಡ್ಡಿಯೂ ಬರುತ್ತಿತ್ತು ಎಂದು ಮಗಳು ಲೆಕ್ಕ ತೋರಿಸುತ್ತಾಳೆ. ಅವಳ ಲೆಕ್ಕ ಸರಿ. ಮನೆಯ ಉಳಿತಾಯದಲ್ಲಿ ಕಳೆದುಕೊಂಡರೂ ಊಟಕ್ಕೆ ತೊಂದರೆಯಾಗದ ಪಾಲೊಂದನ್ನು ಇಂಥದ್ದಕ್ಕೆ ಇಡಬಹುದು ಎಂಬುದು ನನ್ನ ಲೆಕ್ಕ. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚಲ್ಲ, ಚಿನ್ನವಂತೂ ಅಲ್ಲವೇ ಅಲ್ಲ.

ಈಗ ನಮ್ಮ ನಡುವೆ ಚರ್ಚೆ ನಡೆದಿರುವುದು ಪೇಟೆಂಟಿನದು. ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಅರ್ಜಿ ಹಾಕಲು ಶುಲ್ಕ 1,600 ರೂಪಾಯಿ, ಪರಿಶೀಲನೆಗೆ 4,000, ಅದು ಭಾರವಲ್ಲ. ಕರಡು ಬರೆದುಕೊಡುವ ಏಜೆಂಟರ ಸಂಭಾವನೆ ಭಾರ. ಮುಂದೆ ಯಾರಾದರೂ ನಕಲು ಮಾಡಿದರೆ ವಕೀಲರ ಹಿಂದೆ ಹೋಗುವ ಖರ್ಚು ಅದಕ್ಕೂ ಹೆಚ್ಚು. ಮೊದಲ ಯಂತ್ರ ಮಾರುವ ಮುನ್ನವೇ ಸ್ಪ್ರಿಂಗಿನ ವ್ಯವಸ್ಥೆಗೆ ಅರ್ಜಿ ಹಾಕಿಸಿದ್ದೆವು. ಊರಿಗೆಲ್ಲ ಮಾರಿದ ಮೇಲೆ ಹೋದರೆ ಹೊಸದೆಂಬ ಹಕ್ಕೇ ಉಳಿಯುವುದಿಲ್ಲ. ಈಗ ಬ್ಲೇಡಿಗೂ ಇನ್ನೊಂದು ಹಾಕೋಣ ಎನ್ನುತ್ತಾನೆ ಅವನು. ಆ ದುಡ್ಡಿನಲ್ಲಿ ಇನ್ನೊಂದು ಮೋಟಾರು ಕೊಂಡರೆ ಈ ಕೊಯ್ಲಿಗೇ ಮೂರನೆಯ ಯಂತ್ರ ಓಡುತ್ತದೆ ಎನ್ನುತ್ತೇನೆ ನಾನು. ಸದ್ಯಕ್ಕೆ ಮೋಟಾರಿಗೆ ಹೇಳಿದ್ದಾನೆ, ಮುಂಗಡವನ್ನು ಅವನೇ ಕೊಟ್ಟ.