ಕಣಗಿಲೆ: ಪೂಜೆಗೆ ಸಲ್ಲುವ ಹೂ, ಪ್ರಸಾದಕ್ಕೆ ಸಲ್ಲದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಒಣನೆಲದಲ್ಲಿ, ಮಳೆ ಕೈಕೊಟ್ಟ ವರ್ಷವೂ ಹೂ ಬಿಡುವ ಗಿಡ ಕಣಗಿಲೆ. ಹಡಗಲಿಯ ಮಲ್ಲಿಗೆ ನೀರನ್ನೂ ಆರೈಕೆಯನ್ನೂ ಬೇಡುತ್ತದೆ; ಕಣಗಿಲೆ ಬೇಲಿಯ ಬದಿಯಲ್ಲಿ ತಾನಾಗಿ ಅರಳುತ್ತದೆ. ಆದಕಾರಣವೇ ಅದು ಬಡವರ ಮನೆಯ ಪೂಜೆಗೂ ಒದಗಿ ಬಂದಿದೆ.

ಸಂಸ್ಕೃತದಲ್ಲಿ ಇದಕ್ಕೆ ಕರವೀರವೆಂದು ಹೆಸರು. ಅಶ್ವಮಾರಕ, ಅಂದರೆ ಕುದುರೆಯನ್ನು ಕೊಲ್ಲುವಂಥದು, ಎಂಬ ಇನ್ನೊಂದು ಹೆಸರೂ ಉಂಟು. ಚರಕಸಂಹಿತೆಯು ಚರ್ಮರೋಗಗಳನ್ನು ನೀಗುವ ಹತ್ತು ದ್ರವ್ಯಗಳಲ್ಲಿ ಕರವೀರವನ್ನು ಎಣಿಸಿದೆ. ಆದರೆ ಆಯುರ್ವೇದವು ಇದನ್ನು ಉಪವಿಷಗಳ ಸಾಲಿಗೆ ಸೇರಿಸಿ, ಹಸುವಿನ ಹಾಲಿನಲ್ಲಿ ಬೇಯಿಸಿ ಶುದ್ಧಿಗೊಳಿಸಿದ ಮೇಲೆಯೇ ಔಷಧಿಗೆ ಬಳಸಬೇಕೆಂದು ವಿಧಿಸಿದೆ. ಅದು ನುರಿತ ವೈದ್ಯರ ಕೆಲಸ. ಕಜ್ಜಿ, ತುರಿಕೆಗೆಂದು ಮನೆಯಲ್ಲಿಯೇ ಎಲೆ ಅರೆದು ಹಚ್ಚುವುದನ್ನು, ಬೇರು ತೇದು ಕುಡಿಸುವುದನ್ನು ನಾನು ಎಂದಿಗೂ ಒಪ್ಪಲಾರೆ.

ಬೇರು, ತೊಗಟೆ, ಎಲೆ, ಹೂ, ಬೀಜ, ಹಾಲು, ಎಲ್ಲದರಲ್ಲಿಯೂ ವಿಷವಿದೆ. ಅದು ಹೃದಯದ ಬಡಿತವನ್ನು ತಗ್ಗಿಸಿ, ತಾಳ ತಪ್ಪಿಸುತ್ತದೆ. ಗಂಟೆಯಾಕಾರದ ಹೂವಿನ ಹಳದಿ ಕಣಗಿಲೆಯೂ ಅಷ್ಟೇ ಅಪಾಯಕಾರಿ. ಅದರ ಕಾಯಿಯನ್ನು ಮಕ್ಕಳು ಆಟಕ್ಕೆ ಕಿತ್ತು ಬೀಜವನ್ನು ಬಾಯಿಗೆ ಹಾಕಿಕೊಳ್ಳುವುದುಂಟು.

2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿಯು ತನ್ನ ದೇವಾಲಯಗಳ ನೈವೇದ್ಯ ಹಾಗೂ ಪ್ರಸಾದದಲ್ಲಿ ಕಣಗಿಲೆಯನ್ನು ಬಳಸಬಾರದೆಂದು ತೀರ್ಮಾನಿಸಿತು. ಪೂಜೆಗೆ ಅಡ್ಡಿಪಡಿಸಲಿಲ್ಲ. ನಮ್ಮಲ್ಲಿಯೂ ಇದೇ ವಿವೇಕ ಸಾಕು. ಗದ್ದುಗೆಗೆ ಮಾಲೆ ಹಾಕಿರಿ. ಪಾದೋದಕದ ಬಟ್ಟಲಿನಲ್ಲಿ, ಪ್ರಸಾದದ ತಟ್ಟೆಯಲ್ಲಿ ಮಾತ್ರ ಈ ಹೂವಿನ ಎಸಳು ಬೀಳದಂತೆ ನೋಡಿಕೊಳ್ಳಿರಿ. ಅಲ್ಲಿಗೆ ಬಿಲ್ವಪತ್ರೆ ಇದ್ದೇ ಇದೆಯಲ್ಲ!

ಗಿಡವನ್ನು ಬೆಳೆಸಲೇಬಾರದೆಂದು ಹೇಳುತ್ತಿಲ್ಲ. ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಕಡ್ಡಿಯನ್ನು ಮುಂಗಾರಿನ ಆರಂಭದಲ್ಲಿ ಮರಳು ಬೆರೆಸಿದ ಮಣ್ಣಿನಲ್ಲಿ ಊರಿದರೆ ಕೆಲವು ವಾರಗಳಲ್ಲಿ ಬೇರೊಡೆಯುತ್ತದೆ. ಆರೆಂಟು ಅಡಿಗೊಂದರಂತೆ, ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಕಡೆ ನೆಡಬೇಕು. ಹೊಸ ಚಿಗುರಿನ ತುದಿಯಲ್ಲಿ ಹೂ ಬರುವುದರಿಂದ ಆಗಾಗ ಸವರಬೇಕು. ಸವರುವಾಗ ಕೈಗವಸು ಇರಲಿ, ಹಾಲು ಕಣ್ಣಿಗೆ ಸಿಡಿಯದಿರಲಿ; ಹೂ ಬಿಡಿಸಿದ ಮೇಲೆಯೂ ಸೋಪು ಹಚ್ಚಿ ಕೈ ತೊಳೆಯಬೇಕು.

ಸವರಿದ ಕೊಂಬೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಹಸಿ ಎಲೆ ಕಹಿಯಾದ್ದರಿಂದ ದನ, ಆಡುಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಣಗಿದ ಎಲೆ ಮೇವಿನಲ್ಲಿ ಬೆರೆತರೆ ತಿಂದುಬಿಡುತ್ತವೆ; ಒಣಗಿದರೂ ವಿಷ ಅಳಿಯದು. ಆದ್ದರಿಂದ ಕೊಟ್ಟಿಗೆ, ಬಣವೆ, ನೀರಿನ ತೊಟ್ಟಿ, ಅಂಗನವಾಡಿಗಳ ಬಳಿ ಈ ಗಿಡ ಬೇಡ. ಕೊಂಬೆಗಳನ್ನು ಸುಡಲೂಬಾರದು, ಹೊಗೆಯೂ ಕೇಡು. ಪೂಜೆಯ ನಿರ್ಮಾಲ್ಯವನ್ನು ಗೋವಿನ ಮುಂದೆ ಹಾಕುವ ಅಭ್ಯಾಸವುಳ್ಳವರು ಕಣಗಿಲೆಯನ್ನು ಮೊದಲು ಆರಿಸಿ ತೆಗೆಯಬೇಕು.

ಅಕಸ್ಮಾತ್ ಯಾರಾದರೂ ತಿಂದರೆ ವಾಂತಿ, ಹೊಟ್ಟೆನೋವು, ತಲೆಸುತ್ತು ಕಾಣಿಸಿಕೊಂಡು ನಾಡಿ ನಿಧಾನವಾಗಬಹುದು. ಮೊದಲಿಗೆ ಆರಾಮವಾಗಿ ಕಂಡವರಿಗೂ ಕೆಲವು ಗಂಟೆಗಳ ನಂತರ ಅಪಾಯ ಒದಗಬಹುದು. ಮಜ್ಜಿಗೆ, ತುಪ್ಪ, ಉಪ್ಪುನೀರು ಕುಡಿಸುತ್ತಾ, ಬಲವಂತವಾಗಿ ವಾಂತಿ ಮಾಡಿಸುತ್ತಾ ಹೊತ್ತು ಕಳೆಯಬೇಡಿರಿ. ನನ್ನಂಥ ಆಯುರ್ವೇದ ವೈದ್ಯರ ಬಳಿಗೂ ಬರಬೇಡಿರಿ. 108ಕ್ಕೆ ಕರೆ ಮಾಡಿ, ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ. ತಿಂದ ಗಿಡದ ಎಲೆ, ಕಾಯಿ ಸಿಕ್ಕರೆ ಚೀಲದಲ್ಲಿ ಹಾಕಿಕೊಂಡು ಹೋಗಿ ಅಲ್ಲಿನ ವೈದ್ಯರಿಗೆ ತೋರಿಸಿರಿ.