ಬ್ರೈಡ್‌ಕರ್ಕಿನ ಕಲ್ಲುತೊಟ್ಟಿಯೂ ಅದರ ಶಾಸನವೂ

ಇಗರ್ಜಿಗಳಲ್ಲಿ ಶಿಶುಗಳಿಗೆ ಜ್ಞಾನಸ್ನಾನ ಮಾಡಿಸುವ ತೊಟ್ಟಿಯನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ‘ಫಾಂಟ್’ ಎಂದು ಹೆಸರು. ಚಿಲುಮೆ ಎಂಬ ಅರ್ಥವುಳ್ಳ ಲ್ಯಾಟಿನ್ ಪದದಿಂದ ಇದು ಬಂದಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಮಗುವನ್ನು ನೀರಿನಲ್ಲಿ ಮುಳುಗಿಸಿ ಎತ್ತುವ ಪದ್ಧತಿಯಿದ್ದುದರಿಂದ ಆಗಿನ ತೊಟ್ಟಿಗಳು ದೊಡ್ಡವು; ನಮ್ಮ ಕಡೆಯ ಕಲ್ಲಮರಿಗೆಯಂತೆ ಕಲ್ಲನ್ನು ಕೊರೆದು ಮಾಡಿದವು. ಪವಿತ್ರಗೊಳಿಸಿದ ನೀರನ್ನು ಅವುಗಳಲ್ಲಿ ಬಹುದಿನ ಇಡುತ್ತಿದ್ದರು. ಮಾಟಮಂತ್ರಕ್ಕೆಂದು ಆ ನೀರನ್ನು ಯಾರೂ ಒಯ್ಯದಿರಲೆಂದು 1236ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡರು ತೊಟ್ಟಿಗಳಿಗೆ ಬೀಗವಿರುವ ಮುಚ್ಚಳ ಹಾಕಿಸಬೇಕೆಂದು ಕಟ್ಟಳೆ ಮಾಡಿದರು.

ಇಂಥ ತೊಟ್ಟಿಗಳು ಅಲ್ಲಿನ ಹಳ್ಳಿಹಳ್ಳಿಯಲ್ಲೂ ಇವೆ. ಅವುಗಳಲ್ಲಿ ಒಂದು ಮಾತ್ರ ಭಾಷೆ ಕಲಿಯುವವರಾದ ನಮಗೆ ವಿಶೇಷ ಪಾಠವೊಂದನ್ನು ಹೇಳುವಂತಿದೆ.

ಊರು

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ, ಸ್ಕಾಟ್ಲೆಂಡಿನ ಗಡಿಗೆ ಸಮೀಪದಲ್ಲಿ, ಕಂಬ್ರಿಯಾ ಎಂಬ ಪ್ರದೇಶವಿದೆ. ಕವಿ ವರ್ಡ್ಸ್‌ವರ್ತ್ 1770ರಲ್ಲಿ ಹುಟ್ಟಿದ ಕಾಕರ್ಮತ್ ಪಟ್ಟಣ ಇಲ್ಲಿಯದು. ಅಲ್ಲಿಂದ ಸುಮಾರು ಮೂರು ಕಿಲೋಮೀಟರ್ ಉತ್ತರಕ್ಕೆ ಬ್ರೈಡ್‌ಕರ್ಕ್ ಎಂಬ ಸಣ್ಣ ಹಳ್ಳಿ. ‘ಬ್ರೈಡ್’ ಎಂದರೆ ಐರ್ಲೆಂಡಿನ ಸಂತಳಾದ ಬ್ರಿಜಿಟ್. ‘ಕರ್ಕ್’ ಎಂಬುದು ಇಗರ್ಜಿ ಎಂಬರ್ಥದ ನಾರ್ಸ್ ಪದ. ಊರಿನ ಹೆಸರಿನಲ್ಲೇ ಎರಡು ನಾಡುಗಳು ಸೇರಿವೆ.

ಇದಕ್ಕೆ ಕಾರಣ ಚರಿತ್ರೆಯಲ್ಲಿದೆ. ಮೊದಲು ಇಲ್ಲಿ ಕೆಲ್ಟಿಕ್ ಮಾತಿನ ಜನರಿದ್ದರು. ಆಮೇಲೆ ಇಂಗ್ಲಿಷರು ಬಂದರು. 10ನೆಯ ಶತಮಾನದ ಹೊತ್ತಿಗೆ ಸಮುದ್ರಮಾರ್ಗವಾಗಿ ನಾರ್ಸ್ ಜನರು ಬಂದು ನೆಲಸಿದರು. 1092ರಲ್ಲಿ ನಾರ್ಮನ್ ದೊರೆ ಎರಡನೆಯ ವಿಲಿಯಂ ಕಾರ್ಲೈಲನ್ನು ಗೆದ್ದ. 1136ರಿಂದ 1157ರವರೆಗೆ ಈ ನಾಡು ಸ್ಕಾಟ್ ಅರಸರ ಕೈಯಲ್ಲಿತ್ತು. ಮತ್ತೆ ಇಂಗ್ಲೆಂಡಿಗೆ ಸೇರಿತು. ಅರಸರು ಬದಲಾದರು, ಗಡಿಯ ಗೆರೆ ಸರಿಯಿತು. ಜನ ಇದ್ದಲ್ಲೇ ಇದ್ದರು. ಇಂಥ ಗಡಿನಾಡಿನಲ್ಲಿ, ಆ 12ನೆಯ ಶತಮಾನದಲ್ಲೇ, ಈ ತೊಟ್ಟಿ ತಯಾರಾಯಿತು.

ತೊಟ್ಟಿ

ಇದು ಚೌಕಾಕಾರದ ಮರಳುಗಲ್ಲಿನ ತೊಟ್ಟಿ. ನಾಲ್ಕು ಮುಖಗಳಲ್ಲೂ ಕೆತ್ತನೆಯಿದೆ. ಒಂದರಲ್ಲಿ ಏಸುವಿನ ಸ್ನಾನದೀಕ್ಷೆ: ಏಸು ತೊಟ್ಟಿಯಂಥ ಪಾತ್ರೆಯೊಂದರಲ್ಲಿ ನಿಂತಿದ್ದಾನೆ, ಮೇಲೆ ಪಾರಿವಾಳವಿದೆ. ಬೈಬಲಿನ ಕಥೆಯಲ್ಲಿ ಸ್ನಾನ ನಡೆದದ್ದು ಜೋರ್ಡನ್ ಹೊಳೆಯಲ್ಲಿ. ಶಿಲ್ಪಿಯಾದರೋ ತನ್ನ ಜನ ಕಣ್ಣಾರೆ ಕಾಣುವ ತೊಟ್ಟಿಯನ್ನೇ ತೋರಿಸಿದ್ದಾನೆ. ಇನ್ನೊಂದರಲ್ಲಿ ದೇವದೂತನು ಆದಾಮ, ಹವ್ವರನ್ನು ತೋಟದಿಂದ ಹೊರಗಟ್ಟುವ ದೃಶ್ಯ. ಉಳಿದೆಡೆ ವಿಚಿತ್ರ ಮೃಗಗಳು, ಬಳ್ಳಿಗಳು.

ಮತ್ತೊಂದು ಮುಖದ ಬಳ್ಳಿಗಳ ನಡುವೆ, ಪಟ್ಟಿಯೊಂದರ ಮೇಲೆ, ಒಂದು ಸಾಲು ಬರಹವಿದೆ. ಅದರ ಕೆಳಗಡೆ ಕೊಡತಿ, ಉಳಿ ಹಿಡಿದು ಬಳ್ಳಿಯನ್ನೇ ಕೆತ್ತುತ್ತಿರುವ ಒಬ್ಬ ಮನುಷ್ಯನಿದ್ದಾನೆ.

ಶಾಸನ

ಆ ಬರಹ ರೂನ್ ಲಿಪಿಯದು. ಉತ್ತರ ಯೂರೋಪಿನ ಜನರು ಮರ, ಮೂಳೆ, ಕಲ್ಲುಗಳ ಮೇಲೆ ಕೊರೆಯುತ್ತಿದ್ದ ಲಿಪಿಯಿದು. ಉಳಿಗೆ ಅನುಕೂಲವಾಗುವಂತೆ ಇದರಲ್ಲಿ ನೇರ ಗೀಟುಗಳೇ ಹೆಚ್ಚು. ಇಲ್ಲಿರುವುದು ನಾರ್ಸ್ ಜನರ ಬಗೆಯ ರೂನ್. ಜೊತೆಗೆ ಇಂಗ್ಲಿಷ್ ಹಸ್ತಪ್ರತಿಗಳಲ್ಲಿ ಬಳಸುತ್ತಿದ್ದ ಕೆಲವು ಅಕ್ಷರಗಳೂ ಬೆರೆತಿವೆ. ಆದರೆ ಭಾಷೆ ನಾರ್ಸ್ ಅಲ್ಲ. ಆ ಕಾಲದ ಆಡುಮಾತಿನ ಇಂಗ್ಲಿಷ್. ‘ರಿಚರ್ಡನು ನನ್ನನ್ನು ಮಾಡಿದ, ಈ ಸೊಬಗಿಗೆ ತಂದ’ ಎಂಬುದು ಅದರ ತಾತ್ಪರ್ಯ. ಸವೆದಿರುವ ನಡುವಣ ಒಂದು ಪದವನ್ನು ‘ಶ್ರದ್ಧೆಯಿಂದ’ ಎಂಬರ್ಥದಲ್ಲಿ ಓದುವವರಿದ್ದಾರೆ.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸೋಣ. ಮೊದಲನೆಯದು, ಮಾತನಾಡುತ್ತಿರುವುದು ತೊಟ್ಟಿಯೇ, ‘ನನ್ನನ್ನು’ ಎನ್ನುತ್ತದೆ. ಎರಡನೆಯದು, ಸಾಲಿನ ಎರಡು ಭಾಗಗಳ ಕೊನೆಯಲ್ಲಿ ‘ವ್ರೊಕ್ತೆ’, ‘ಬ್ರೊಕ್ತೆ’ ಎಂಬ ಅಂತ್ಯಪ್ರಾಸವಿದೆ. ಇವೇ ನಾವು ಓದುವ ಇಂಗ್ಲಿಷಿನ ‘ರಾಟ್’, ‘ಬ್ರಾಟ್’. ‘ಬ್ರಾಟ್’ ಎಂದು ಬರೆಯುವಾಗ ನಡುವೆ ಉಚ್ಚಾರವಿಲ್ಲದ ಜೀ, ಎಚ್ ಅಕ್ಷರಗಳು ಏಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಒಂದು ಕಾಲಕ್ಕೆ ಅಲ್ಲಿ ಗಂಟಲಿನಿಂದ ಹೊರಡುವ ಧ್ವನಿಯಿತ್ತು. ಶಿಲ್ಪಿ ಅದನ್ನು ಕ-ಕಾರದಿಂದ ಬರೆದಿದ್ದಾನೆ.

ಮೂರನೆಯದೇ ಮುಖ್ಯ. ಆಗ ಇಗರ್ಜಿಯ ಭಾಷೆ ಲ್ಯಾಟಿನ್, ಆಳುವವರ ಭಾಷೆ ಫ್ರೆಂಚ್. ರಿಚರ್ಡ್ ಎಂಬ ಹೆಸರೂ ನಾರ್ಮನರ ಆಳ್ವಿಕೆಯಲ್ಲಿ ಬಳಕೆಗೆ ಬಂದದ್ದು. ಆದರೂ ಬರಹ ಇವೆರಡು ಭಾಷೆಗಳಲ್ಲೂ ಇಲ್ಲ. ಊರವರ ಮಾತನ್ನು, ಆ ಊರಲ್ಲಿ ಗೊತ್ತಿದ್ದ ಲಿಪಿಯಲ್ಲಿ ಕೆತ್ತಿದ್ದಾರೆ. ಮನೆಯ ತುಳುವನ್ನು ಕನ್ನಡ ಅಕ್ಷರಗಳಲ್ಲಿ ಬರೆಯುವ ನಮ್ಮ ವಿದ್ಯಾರ್ಥಿಗಳಿಗೆ ಇದು ಬೇಗ ಅರ್ಥವಾಗುತ್ತದೆ. ಭಾಷೆ ಬೇರೆ, ಲಿಪಿ ಬೇರೆ.

ತಪ್ಪಿದ ಓದು

ಈ ಸಾಲನ್ನು ಓದುವುದು ಸುಲಭವಾಗಿರಲಿಲ್ಲ. 17ನೆಯ ಶತಮಾನದ ಆರಂಭದಲ್ಲಿ ವಿಲಿಯಂ ಕ್ಯಾಮ್ಡನ್ ಎಂಬ ಪ್ರಸಿದ್ಧ ವಿದ್ವಾಂಸ ಇದನ್ನು ತನ್ನ ಗ್ರಂಥದಲ್ಲಿ ಅಚ್ಚುಮಾಡಿಸಿ, ಬಲ್ಲವರು ಹೇಳಲಿ ಎಂದು ಬಿಟ್ಟುಬಿಟ್ಟ. 1685ರಲ್ಲಿ ವಿಲಿಯಂ ನಿಕೋಲ್ಸನ್, ಮುಂದೆ ಕಾರ್ಲೈಲಿನ ಬಿಷಪ್ ಆದವನು, ಇದು ರೂನ್ ಎಂದು ಸರಿಯಾಗಿ ಗುರುತಿಸಿದ. ಆದರೆ ‘ರಿಕಾರ್ಥ್’ ಎಂಬುದು ಅವನಿಗೆ ‘ಎರ್ ಎಕಾರ್ಡ್’ ಎಂದು ಕಂಡಿತು. ಸೊಬಗು ಎಂಬರ್ಥದ ‘ಮೆರ್ಥೆ’ಯನ್ನು ‘ಮೆನ್ ರೆಡ್’ ಎಂದು ಒಡೆದ. ಹೀಗಾಗಿ, ಎಕಾರ್ಡ್ ಎಂಬವನು ಇಲ್ಲಿ ಕ್ರೈಸ್ತನಾದ, ಅವನನ್ನು ನೋಡಿ ಡೇನರೂ ಆದರು ಎಂಬ ದೊಡ್ಡ ಕಥೆಯೇ ಹುಟ್ಟಿತು! 19ನೆಯ ಶತಮಾನದಲ್ಲಿ ಓದು ಸರಿಹೋಯಿತು.

ಪದಚ್ಛೇದ ತಪ್ಪಿದರೆ ಅರ್ಥ ಕೆಡುತ್ತದೆ ಎಂದು ಹಳಗನ್ನಡದ ತರಗತಿಯಲ್ಲಿ ನಾವು ಹೇಳುತ್ತೇವೆ. ಇಲ್ಲಿ ಕೆಟ್ಟದ್ದು ಅರ್ಥ ಮಾತ್ರವಲ್ಲ. ಉಳಿ ಹಿಡಿದು ದುಡಿದವನ ಹೆಸರು ಅಳಿಸಿ, ಇಲ್ಲದ ನಾಯಕನೊಬ್ಬನು ಅವನ ಜಾಗದಲ್ಲಿ ಕುಳಿತಿದ್ದ. ಅದೇ ಶತಮಾನದಲ್ಲಿ ನಮ್ಮ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲಿ ಬರೆದಿಟ್ಟರು. ಆ ಅಕ್ಷರಗಳನ್ನು ತಪ್ಪಾಗಿ ಓದಿದ್ದರೆ ನಾವು ಏನನ್ನು ಕಳೆದುಕೊಳ್ಳುತ್ತಿದ್ದೆವೆಂದು ಯೋಚಿಸಬೇಕು.

ಬ್ರೈಡ್‌ಕರ್ಕಿನ ಹಳೆಯ ಇಗರ್ಜಿ ಶಿಥಿಲವಾಗಿ, 1870ರ ಸುಮಾರಿಗೆ ಪಕ್ಕದಲ್ಲೇ ಹೊಸದು ಎದ್ದಿತು. ಹಳೆಯ ಬಾಗಿಲುವಾಡಗಳನ್ನು ಹೊಸ ಕಟ್ಟಡಕ್ಕೆ ಜೋಡಿಸಿದರು. ತೊಟ್ಟಿಯನ್ನೂ ಒಳಗೆ ತಂದಿಟ್ಟರು. ಅದು ಈಗಲೂ ಅಲ್ಲಿದೆ.

ನಮ್ಮ ಕೆಲಸ

ನಮ್ಮ ಊರುಗಳಲ್ಲೂ ದೇವಸ್ಥಾನ, ಬಸದಿ, ಮಸೀದಿ, ಇಗರ್ಜಿಗಳ ಅಂಗಳದಲ್ಲಿ, ಕೆಲವೊಮ್ಮೆ ಗದ್ದೆಯ ಬದುವಿನಲ್ಲಿ, ಬರಹವಿರುವ ಕಲ್ಲುಗಳಿವೆ. ಕಂಡಾಗ ಹೀಗೆ ಮಾಡೋಣ:

1. ಕಲ್ಲಿಗೆ ಸುಣ್ಣ, ಬಣ್ಣ ಬಳಿಯದಂತೆ ಹಿರಿಯರಲ್ಲಿ ವಿನಂತಿಸೋಣ.

2. ಓದಲು ಹೊರಡುವ ಮೊದಲು, ಕಂಡ ಅಕ್ಷರವನ್ನು ಕಂಡಂತೆಯೇ ಬರೆದುಕೊಳ್ಳೋಣ. ಸವೆದಲ್ಲಿ ಜಾಗ ಬಿಡೋಣ. ಊಹೆಯಿಂದ ತುಂಬುವುದು ಬೇಡ.

3. ಲಿಪಿ ಯಾವುದು, ಭಾಷೆ ಯಾವುದು ಎಂದು ಬೇರೆಬೇರೆಯಾಗಿ ಕೇಳಿಕೊಳ್ಳೋಣ.

4. ಮಾಡಿದವನ ಹೆಸರಿದೆಯೇ ಎಂದು ಹುಡುಕೋಣ.

ಗಡಿನಾಡಿನ ಕಲ್ಲಿನಲ್ಲಿ ಒಂದಕ್ಕಿಂತ ಹೆಚ್ಚು ನುಡಿಗಳು ಸಿಕ್ಕರೆ ಆಶ್ಚರ್ಯವಿಲ್ಲ. ಅವೆಲ್ಲ ಇಲ್ಲಿ ಬಾಳಿದವರ ನುಡಿಗಳೇ. ಅವನ್ನು ಸರಿಯಾಗಿ ಓದುವಷ್ಟು ಅಕ್ಷರ ಕಲಿಯುವುದು ನಮ್ಮೆಲ್ಲರ ಪಾಲಿನ ಕೆಲಸ.